ವಾರಪತ್ರಿಕೆಗೆ ರಟ್ಟು ಕಟ್ಟಿಸುವುದು: ರಾಯಚೂರಿನ ಒಂದು ಬೈಂಡಿಂಗ್ ಅಂಗಡಿಯ ಕೆಲಸ

ಕಚೇರಿಯ ರಿಜಿಸ್ಟರು, ಕಾಲೇಜಿನ ಪ್ರಾಜೆಕ್ಟ್ ಕಟ್ಟಿಕೊಡುವವರು ರಾಯಚೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ವಾರಪತ್ರಿಕೆಯನ್ನು ಕೈಹೊಲಿಗೆಯಲ್ಲಿ ಕಟ್ಟುವವರು ವಿರಳ. ಅಂಥ ಒಂದು ಅಂಗಡಿಗೆ ಕೊಟ್ಟದ್ದು ‘ಸುಧಾ’ದ 13 ಸಂಚಿಕೆ, ಅಂದರೆ ಮೂರು ತಿಂಗಳದ್ದು. 52ನ್ನೂ ಒಂದೇ ರಟ್ಟಿಗೆ ತುರುಕುವ ಆಸೆ ಬೇಡ. ಭಾರಕ್ಕೆ ಬೆನ್ನು ಜೋತುಬೀಳುತ್ತದೆ.

ಹೊಲಿಗೆಯೇ ಇವರ ಹೆಚ್ಚುಗಾರಿಕೆ. ನಡುಪುಟದಲ್ಲಿ ಮಡಚಿಕೊಂಡಿರುವ ಪಿನ್ನಿನ ಕಾಲುಗಳನ್ನು ಚಪ್ಪಟೆ ಚಾಕುವಿನಿಂದ ನೆಟ್ಟಗೆ ಎಬ್ಬಿಸಿ, ಬೆನ್ನಿನ ಕಡೆಯಿಂದ ಎಳೆಯುತ್ತಾರೆ. ಆಮೇಲೆ ಒಂದೊಂದು ಸಂಚಿಕೆಯ ಮಡಿಕೆಯೊಳಗಿಂದ ನೂಲು ಹಾಯಿಸಿ, ಬೆನ್ನಿಗೆ ಅಡ್ಡಲಾಗಿ ಇಟ್ಟ ಮೂರು ಲಾಡಿಗಳಿಗೆ ಸೇರಿಸಿ ಹೊಲಿಯುತ್ತಾರೆ. ಸಂಪುಟ ಮೇಜಿನ ಮೇಲೆ ಪೂರ್ತಿ ತೆರೆದು ಮಲಗುತ್ತದೆ, ಎರಡು ಪುಟಕ್ಕೆ ಹರಡಿದ ಚಿತ್ರವೂ ಇಡಿಯಾಗಿ ಕಾಣುತ್ತದೆ. ಬೇರೆ ಕಡೆ ಪಕ್ಕಕ್ಕೆ ತೂತು ಕೊರೆದು ದಬ್ಬಳದಲ್ಲಿ ಬಿಗಿಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಅರ್ಧ ಇಂಚು ಅಂಚು ಒಳಗೆ ಹೋಗಿ ಸಾಲಿನ ಮೊದಲ ಅಕ್ಷರಗಳು ಹೂತುಹೋಗುತ್ತವೆ. ಒತ್ತಿ ತೆರೆದರೆ ಹಾಳೆ ಹರಿಯಿತೆಂದೇ ಲೆಕ್ಕ.

ಅಂಟು ಮೈದಾ ಹಿಟ್ಟಿನದು, ಅದಕ್ಕೆ ಚಿಟಿಕೆ ಮೈಲುತುತ್ತ. ಬರೀ ಮೈದಾ ಆದರೆ ಹುಳುಗಳಿಗೆ ಹಬ್ಬ. ರಟ್ಟು ಹಾಕಿದ ಮೇಲೆ ರಾತ್ರಿಯಿಡೀ ಪ್ರೆಸ್ಸಿನಡಿ ಇಡುತ್ತಾರೆ, ಬಿಸಿಲಿಗೆ ಹಾಕುವುದಿಲ್ಲ. ನಮ್ಮ ರಾಯಚೂರಿನ ಬಿಸಿಲಿಗೆ ಒಂದು ಮಗ್ಗುಲು ಬೇಗ ಒಣಗಿ ರಟ್ಟು ಸೊಟ್ಟಗಾಗುತ್ತದೆ.

ಕೊರತೆಯೂ ಇದೆ. ಕಟಿಂಗ್ ಮಷೀನಿನಲ್ಲಿ ಅಂಚು ಹೆಚ್ಚೇ ಹೋಗಿ, ಎರಡು ಸಂಚಿಕೆಗಳ ಪುಟಸಂಖ್ಯೆ ಅರ್ಧ ಕತ್ತರಿಸಿದೆ. ‘ಮೂರೂ ಕಡೆ ಎಳೆಯಷ್ಟೇ ಕತ್ತರಿಸಿ’ ಎಂದು ಚೀಟಿ ಬರೆದು ಅಂಟಿಸಿಯೇ ಕೊಡಿ. ಮುಖಪುಟ ತೆಗೆಯಬೇಡಿ ಎಂದೂ ಬರೆಯಿರಿ. ಅದು ಹೋದರೆ ಸಂಚಿಕೆಯ ಚೆಲುವಿನ ಜೊತೆಗೆ ತಾರೀಖೂ ಹೋಯಿತು.

ಧಾರಾವಾಹಿಯ ಪುಟಗಳನ್ನಷ್ಟೇ ಕಿತ್ತು ಕಟ್ಟಿಸುವ ಹಳೆಯ ರೂಢಿಯವರಿಗೆ ಒಂದು ಮಾತು: ನಡುವೆ ಪಿನ್ನು ಹೊಡೆದ ಪತ್ರಿಕೆಯಲ್ಲಿ ಮುಂದಿನ ಒಂದು ಹಾಳೆಗೆ ಹಿಂದೊಂದು ಜೋಡಿ ಇರುತ್ತದೆ. ಒಂದನ್ನು ಕಿತ್ತರೆ ಇನ್ನೊಂದೂ ಸಡಿಲ. ಪಿನ್ನು ಬಿಚ್ಚಿ ಜೋಡಿಹಾಳೆಯನ್ನೇ ತೆಗೆದುಕೊಡಿ, ಆಗ ಮಡಿಕೆಯಲ್ಲಿ ಹೊಲಿಯಲು ಬರುತ್ತದೆ. ಬೆನ್ನಿಗೆ ಗಮ್ ಹಚ್ಚಿದ ದಪ್ಪ ದೀಪಾವಳಿ ವಿಶೇಷಾಂಕಗಳಿಗೆ ಮಡಿಕೆಯೇ ಇರದ ಕಾರಣ ಪಕ್ಕದ ಹೊಲಿಗೆಯೇ ಗತಿ.

ಮುದ್ರಿತ ಪತ್ರಿಕೆಗಳು ಒಂದೊಂದಾಗಿ ನಿಲ್ಲುತ್ತಿರುವಾಗ ಈ ಖರ್ಚು ದಂಡವಲ್ಲ. ಚಂದಾ ಮುಗಿದರೆ ಫೋನಿನ ಪ್ರತಿ ಕೈತಪ್ಪಬಹುದು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’, 1965ರಲ್ಲಿ ಶುರುವಾದ ‘ಸುಧಾ’ದ ಮೊದಲ ವರ್ಷಗಳ ಸಂಚಿಕೆಗಳು ಯಾರದಾದರೂ ಮನೆಯ ಕಪಾಟಿನಲ್ಲಿ ಇನ್ನೂ ಸಿಕ್ಕರೆ, ಹೀಗೆ ರಟ್ಟು ಕಟ್ಟಿಸಿ ಜೋಪಾನ ಮಾಡಿದ್ದರಿಂದಲೇ.

ಏಪ್ರಿಲ್, ಮೇ ತಿಂಗಳಲ್ಲಿ ಪ್ರಾಜೆಕ್ಟ್ ಬೈಂಡಿಂಗಿನ ಗಡಿಬಿಡಿ ಇರುತ್ತದೆ, ಕೈಹೊಲಿಗೆಗೆ ಪುರುಸೊತ್ತು ಸಿಗದು. ಜುಲೈ ದಾಟಿದ ಮೇಲೆ ಒಯ್ದು ಕೊಡಿ.