ಸುರಕ್ಷಾ ಕ್ಲಿನಿಕ್: ಹುಡುಕಿಕೊಂಡು ಹೋಗೋದೇ ಕಷ್ಟ, ಒಳಗೆ ಹೋದ ಮೇಲೆ ಪರವಾಗಿಲ್ಲ

ಹೆಸರು ಹಾಕದೆ ಬರೆಯುತ್ತಿದ್ದೇನೆ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ಲೈಂಗಿಕ ಸೋಂಕುಗಳಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ, ಎಲ್ಲವೂ ಉಚಿತ. ನಾನು ಹೋಗಿದ್ದು ನಮ್ಮ ಜಿಲ್ಲಾಸ್ಪತ್ರೆಯದಕ್ಕೆ. ನನಗೆ ಬಂದಿದ್ದು ಸಿಫಿಲಿಸ್. ಹಿಂದಿನವರು ಪರಂಗಿ ಹುಣ್ಣು ಅಂತಿದ್ದರಲ್ಲ, ಅದೇ.

ಮೊದಲು ನಾನು ಹೋಗಿದ್ದು ಅಲ್ಲಿಗಲ್ಲ. ಕೆಳಗೆ ಒಂದು ಸಣ್ಣ ಹುಣ್ಣಾಗಿತ್ತು, ಮುಟ್ಟಿದರೆ ಗಟ್ಟಿ, ನೋವು ಮಾತ್ರ ಚೂರೂ ಇಲ್ಲ. ಮನೆಗೇ ಬಂದು ರಕ್ತ ತೆಗೆಯುವ ಒಂದು ಖಾಸಗಿ ಲ್ಯಾಬಿಗೆ ಎರಡೂವರೆ ಸಾವಿರ ಕೊಟ್ಟೆ. ವಾಟ್ಸಾಪಿಗೆ ರಿಪೋರ್ಟ್ ಬಂತು, ವಿಡಿಆರ್‌ಎಲ್ (ಸಿಫಿಲಿಸ್‌ಗೆ ಮಾಡುವ ರಕ್ತ ಪರೀಕ್ಷೆ) ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್. ಹುಣ್ಣಾಗಿ ಎಷ್ಟು ದಿನ ಆಯ್ತು ಅಂತ ಒಬ್ಬರೂ ಕೇಳಲಿಲ್ಲ. ನಾಲ್ಕು ವಾರಕ್ಕೆ ಅದು ಮಾಯ್ದು ಹೋಯಿತು, ಮೆಡಿಕಲ್ ಶಾಪಿನ ಮುಲಾಮು ಕೆಲಸ ಮಾಡಿತು ಅಂದುಕೊಂಡು ಸುಮ್ಮನಾದೆ. ಈ ಹುಣ್ಣು ಮುಲಾಮು ಹಚ್ಚಿದರೂ ಹಚ್ಚದಿದ್ದರೂ 3ರಿಂದ 6 ವಾರದಲ್ಲಿ ತಾನಾಗಿಯೇ ಮಾಯುತ್ತದಂತೆ, ರೋಗ ಮಾತ್ರ ಒಳಗೇ ಇರುತ್ತದೆ.

ಎರಡು ತಿಂಗಳಾದ ಮೇಲೆ ಅಂಗೈ, ಅಂಗಾಲಲ್ಲಿ ತಾಮ್ರದ ಬಣ್ಣದ ಮಚ್ಚೆ. ತುರಿಕೆ ಇಲ್ಲ. ಸೋಪು ಬದಲಾಯಿಸಿದೆ, ಬದನೆಕಾಯಿ ಬಿಟ್ಟೆ. ಕೊನೆಗೆ ಚರ್ಮದ ಡಾಕ್ಟರೊಬ್ಬರು ಅಂಗೈ ನೋಡಿದ್ದೇ ತಡ, ಸುರಕ್ಷಾ ಕ್ಲಿನಿಕ್‌ಗೆ ಹೋಗಿ ಅಂದರು.

ದೂರು ಮೊದಲು ಹೇಳಿಬಿಡುತ್ತೇನೆ. ಓಪಿಡಿ ಚೀಟಿ ಕೊಡುವಲ್ಲಿ "ಏನ್ ಕಾಯಿಲೆ?" ಅಂತ ಜೋರಾಗಿ ಕೇಳುತ್ತಾರೆ, ಹಿಂದೆ ಇಪ್ಪತ್ತು ಜನ ನಿಂತಿರುತ್ತಾರೆ. ಚರ್ಮ ಅಂದೆ, ಮುಗೀತು. ನೀವೂ ಹಾಗೇ ಹೇಳಿ. ಬೋರ್ಡ್ ಮೆಟ್ಟಿಲ ಹಿಂದೆ ಇದೆ, ನಾನು ಎರಡು ಸುತ್ತು ಹೊಡೆದೆ.

ಒಳಗಿದ್ದ ಆಪ್ತ ಸಮಾಲೋಚಕಿ ಮೇಡಂ ಮಾತ್ರ ಬಂಗಾರ. ಬುದ್ಧಿವಾದ ಇಲ್ಲ, ಮುಖ ಸಿಂಡರಿಸೋದಿಲ್ಲ. ಮೇಜಿನ ಮೇಲಿನ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿ, "ಹುಣ್ಣು ಕಂಡಿದ್ದು ಯಾವತ್ತು ಸರ್? ರಕ್ತ ಕೊಟ್ಟಿದ್ದು ಯಾವತ್ತು?" ಅಂದರು. ಮಧ್ಯೆ ಬರೀ ಐದು ದಿನ. ಸೋಂಕು ತಗುಲಿದ ಮೇಲೆ ಹುಣ್ಣು ಏಳಲು 10ರಿಂದ 90 ದಿನ ಹಿಡಿಯಬಹುದು, ಜಾಸ್ತಿ ಜನಕ್ಕೆ ಮೂರು ವಾರ. ಹುಣ್ಣೆದ್ದ ಮೊದಲ ದಿನಗಳಲ್ಲಿ ವಿಡಿಆರ್‌ಎಲ್‌ಗೆ ಸಿಗುವಷ್ಟು ಪ್ರತಿಕಾಯ (ಸೋಂಕಿಗೆ ಎದುರಾಗಿ ದೇಹ ತಯಾರಿಸುವ ಆ್ಯಂಟಿಬಾಡಿ) ರಕ್ತದಲ್ಲಿ ಇನ್ನೂ ಆಗಿರೋದಿಲ್ಲ. ಆಗ ಹುಣ್ಣಿನ ರಸವನ್ನೇ ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಸ್ಪ್ರಿಂಗಿನ ಹಾಗಿರುವ ಬ್ಯಾಕ್ಟೀರಿಯಾ ಓಡಾಡೋದು ಕಾಣುತ್ತದೆ. ಅದು ಎಲ್ಲ ಕಡೆ ಇರಲ್ಲ, ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು. ಇಷ್ಟು ಒಂದು ಸಾಲು ಆ ಲ್ಯಾಬಿನವರು ಕೆಳಗೆ ಬರೆದಿದ್ದರೆ ಸಾಕಿತ್ತು ಅಲ್ವಾ?

ಈ ಸಲ ವಿಡಿಆರ್‌ಎಲ್ ಪಾಸಿಟಿವ್, 1:64 (ಎರಡನೇ ಅಂಕಿ ದೊಡ್ಡದಾದಷ್ಟೂ ಪ್ರತಿಕಾಯ ಜಾಸ್ತಿ), ಅದನ್ನು ಖಚಿತಪಡಿಸುವ ಟಿಪಿಎಚ್‌ಎ ಅನ್ನೋ ರಕ್ತ ಪರೀಕ್ಷೆ ಕೂಡ ಪಾಸಿಟಿವ್. ಎಚ್‌ಐವಿ ಪರೀಕ್ಷೆಯನ್ನೂ ಅವತ್ತೇ ಮಾಡಿದರು, ಅದು ಇಲ್ಲ.

ಆಮೇಲೆ ಕ್ಯಾಲೆಂಡರ್ ಮತ್ತೆ ಹಿಂದಕ್ಕೆ ಹೋಯಿತು, ನನ್ನ ಬೆವರು ಇಳಿದಿದ್ದು ಇಲ್ಲೇ. ರೋಗ ಮಚ್ಚೆಯ ಹಂತದಲ್ಲಿ ಸಿಕ್ಕಿದರೆ ಹಿಂದಿನ ಆರು ತಿಂಗಳು, ಅದರ ಮೇಲೆ ಮಚ್ಚೆ ಇದ್ದಷ್ಟು ದಿನ ಸೇರಿಸಿ, ಅಷ್ಟು ದಿನಗಳಲ್ಲಿ ಜೊತೆ ಮಲಗಿದವರಿಗೆಲ್ಲ ಪರೀಕ್ಷೆ ಆಗಬೇಕು. ಬರೀ ಹುಣ್ಣಿದ್ದಾಗಲೇ ಸಿಕ್ಕಿದ್ದರೆ ಮೂರು ತಿಂಗಳು, ಜೊತೆಗೆ ಹುಣ್ಣಿದ್ದಷ್ಟು ದಿನ ಹಿಂದೆ ಹೋದರೆ ಸಾಕಿತ್ತು. ತಟ್ಟೆ, ಟವೆಲ್, ಟಾಯ್ಲೆಟ್‌ನಿಂದ ಇದು ಬರೋದಿಲ್ಲ, ಸಾಮಾನ್ಯವಾಗಿ ಹುಣ್ಣು ಅಥವಾ ಒದ್ದೆ ಗಾಯ ನೇರವಾಗಿ ತಾಗಬೇಕು. ಬಾಯಲ್ಲಿ ಹುಣ್ಣಿದ್ದರೆ ಮುತ್ತಿನಿಂದಲೂ ಬರಬಹುದು. ಕಾಂಡೋಮ್ ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಕಾಂಡೋಮ್ ಏನು ಮಾಡುತ್ತೆ? ಹಾಗೆ ಜೊತೆಗಿದ್ದ ಒಬ್ಬರಿಗೆ ಫೋನ್ ಮಾಡುವ ಧೈರ್ಯ ನನಗಿರಲಿಲ್ಲ, ಅವರಿಗೆ ತಲುಪಿಸಲು ಮೇಡಂ ಒಂದು ಚೀಟಿ ಕೊಟ್ಟರು. ಅದನ್ನು ಹಿಡಿದು ಅವರೂ ಬಂದು ಪರೀಕ್ಷೆ ಮಾಡಿಸಿಕೊಂಡರು. ಅವರಿಗೆ ಎಲ್ಲೂ ಹುಣ್ಣು ಕಂಡೇ ಇರಲಿಲ್ಲ, ರಿಪೋರ್ಟ್ ಪಾಸಿಟಿವ್.

ಔಷಧಿ ಅಂದರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, 24 ಲಕ್ಷ ಯೂನಿಟ್, ಒಂದೇ ಸಲ. ಮೊದಲು ಕೈಗೆ ಚೂರು ಚುಚ್ಚಿ ಅಲರ್ಜಿ ಇದೆಯಾ ಅಂತ ನೋಡುತ್ತಾರೆ. ಅವತ್ತು ರಾತ್ರಿ ಚಳಿ ಜ್ವರ ಬಂತು. ಹಾಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಆರು ತಿಂಗಳಿಗೆ ವಿಡಿಆರ್‌ಎಲ್ 1:8ಕ್ಕೆ ಇಳಿದಿದೆ, ವರ್ಷಕ್ಕೆ ಮತ್ತೆ ಬನ್ನಿ ಅಂದಿದ್ದಾರೆ.

ಐದಕ್ಕೆ ನಾಲ್ಕು ಸ್ಟಾರ್, ಒಂದು ಕಡಿಮೆ ಆಗಿದ್ದು ಚೀಟಿ ಕೌಂಟರಿಗೆ. ಅಂದಹಾಗೆ ಇಂಜೆಕ್ಷನ್ ಎರಡು ಭಾಗ ಮಾಡಿ ಎರಡೂ ಕುಂಡಿಗೆ ಕೊಡುತ್ತಾರೆ, ಬೈಕಲ್ಲಿ ಹೋಗಬೇಡಿ.