ಆಯಿಲ್‌ಗೆ ಕೂಲಂಟ್ ಸೇರಿದ ಹಳೆಯ ಸ್ವಿಫ್ಟ್: ಶಿವಮೊಗ್ಗದ ಒಂದು ಗ್ಯಾರೇಜಿನ ತಪಾಸಣೆ

ಕಳೆದ ಮಳೆಗಾಲದ ಆರಂಭದಲ್ಲಿ ನಾನು ತೀರ್ಥಹಳ್ಳಿಯಲ್ಲಿ 2013ರ ಮಾದರಿಯ ಸ್ವಿಫ್ಟ್ ಡೀಸೆಲ್ ಕಾರೊಂದನ್ನು ಕೊಂಡೆ. ಮೀಟರ್ 1,18,000 ಕಿ.ಮೀ. ತೋರಿಸುತ್ತಿತ್ತು. ಮೂರನೆಯ ವಾರದ ಹೊತ್ತಿಗೆ, ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್‌ನ ಟ್ಯಾಂಕಿನ ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿತ್ತು, ಆದರೆ ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅದೇ ದಿನ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನು ದಾಟಿ ನಿಂತಿತ್ತು ಮತ್ತು ಅದರ ಕಪ್ಪು ಬಣ್ಣ ಬೂದಿಗೆ ತಿರುಗಿತ್ತು.

ಮೊದಲು ತೋರಿಸಿದ ವರ್ಕ್‌ಶಾಪಿನಲ್ಲಿ ಆಯಿಲ್ ಮುಚ್ಚಳ ತೆರೆದು ನೋಡಿದ್ದೇ ತಡ, ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು ಎಂದು ಹೇಳಿ 48,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಯಾವ ಪರೀಕ್ಷೆಯನ್ನೂ ಮಾಡದೆ ಬರೆದ ಆ ಅಂದಾಜನ್ನು ಒಪ್ಪಲು ಮನಸ್ಸಾಗದೆ, ಪರಿಚಿತರೊಬ್ಬರ ಮಾತಿನ ಮೇಲೆ ಕಾರನ್ನು ಸುಮಾರು 60 ಕಿ.ಮೀ. ಟೋ ಮಾಡಿಸಿಕೊಂಡು ಶಿವಮೊಗ್ಗದ ಒಂದು ಚಿಕ್ಕ ಗ್ಯಾರೇಜಿಗೆ ತಂದೆ. ಈ ಬರಹ ಅಲ್ಲಿ ಸಿಕ್ಕ ಸೇವೆಯ ಕುರಿತದ್ದು.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಮೊದಲು ಹೇಳಿದ ಮಾತು, "ಇನ್ನು ಸ್ಟಾರ್ಟ್ ಮಾಡೋದು ಬೇಡ ಸಾರ್, ರಾತ್ರಿ ಹೀಗೇ ನಿಂತಿರಲಿ" ಎಂಬುದಾಗಿತ್ತು. ಇದಕ್ಕೆ ಕಾರಣವಿದೆ. ಕೂಲಂಟ್‌ನಲ್ಲಿರುವ ನೀರು ಬಿಸಿ ಎಂಜಿನ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗಬಹುದು, ಆದರೆ ಅದರ ಇನ್ನೊಂದು ಭಾಗವಾದ ಎಥಿಲೀನ್ ಗ್ಲೈಕಾಲ್ 197 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ವಸ್ತುವಾದ್ದರಿಂದ ಆಯಿಲ್‌ನಲ್ಲೇ ಉಳಿದು, ಆಮ್ಲವಾಗಿ ಮತ್ತು ಅಂಟಾದ ಕೆಸರಾಗಿ ಮಾರ್ಪಟ್ಟು, ಎಂಜಿನ್‌ನ ತಿರುಗುವ ದಂಡವನ್ನು ಹೊರುವ ಕ್ರ್ಯಾಂಕ್ ಬೇರಿಂಗುಗಳನ್ನು ಕೆಡಿಸುತ್ತದೆ. ಇಂಥ ಆಯಿಲ್‌ನಲ್ಲಿ ಎಂಜಿನ್ ಓಡಿಸಿದಷ್ಟೂ ರಿಪೇರಿಯ ಖರ್ಚು ಬೆಳೆಯುತ್ತದೆ. ಮೊದಲ ವರ್ಕ್‌ಶಾಪಿನಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ರಾತ್ರಿಯಿಡೀ ನಿಲ್ಲಿಸಿದ್ದರಿಂದ ಇನ್ನೊಂದು ಪ್ರಯೋಜನವೂ ಆಯಿತು. ಕೂಲಂಟ್ ಆಯಿಲ್‌ಗಿಂತ ಭಾರವಾದ್ದರಿಂದ ಬೆರೆಯದೆ ಉಳಿದಷ್ಟು, ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಸಡಿಲಿಸಿ ಪಾರದರ್ಶಕ ಬಾಟಲಿ ಹಿಡಿದಾಗ ಮೊದಲು ಬಂದದ್ದು ಆಯಿಲ್ ಅಲ್ಲ, ಹಸಿರು ಕೂಲಂಟ್. ಸುಮಾರು ಕಾಲು ಲೀಟರ್ ಅದು ಹರಿದ ಮೇಲೆ ಬೂದು ಬಣ್ಣದ ಆಯಿಲ್ ಬಂತು. ಅದರ ಒಂದು ಹನಿಯನ್ನು ಕಾದ ಕಬ್ಬಿಣದ ತಟ್ಟೆಯ ಮೇಲೆ ಬಿಟ್ಟಾಗ ಒಗ್ಗರಣೆಗೆ ಬಿದ್ದ ಹಸಿ ಕರಿಬೇವಿನಂತೆ ಚಟಪಟ ಸಿಡಿಯಿತು, ಅಂದರೆ ಅದರಲ್ಲಿ ನೀರು ಬೆರೆತಿತ್ತು. ಮಲೆನಾಡಿನ ಮಳೆಯಲ್ಲಿ ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರುಗಳ ಆಯಿಲ್ ಮುಚ್ಚಳದ ಒಳಗೆ ತೇವಾಂಶ ತಂಪಾಗಿ ಬಿಳಿ ನೊರೆ ಕಟ್ಟುವುದು ಸಾಮಾನ್ಯ ಸಂಗತಿ, ಅಷ್ಟನ್ನೇ ನೋಡಿ ಹೆಡ್ ಇಳಿಸುವವರೂ ಇದ್ದಾರೆ ಎಂದು ಅವರು ಬೇಸರದಿಂದ ಹೇಳಿದರು. ನನ್ನ ಕಾರಿನಲ್ಲಿ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಡೀಸೆಲ್ ಇಳಿದೂ ಆಯಿಲ್ ಮಟ್ಟ ಏರುವುದುಂಟು, ಆದರೆ ಆಗ ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬರುತ್ತದೆಯೇ ಹೊರತು ಹೀಗೆ ಬಣ್ಣ ಕದಡುವುದಿಲ್ಲ.

ಇನ್ನು ಉಳಿದ ಪ್ರಶ್ನೆ, ಕೂಲಂಟ್ ಎಲ್ಲಿಂದ ಇಳಿಯುತ್ತಿದೆ ಎಂಬುದು. ಹೆಡ್ ಗ್ಯಾಸ್ಕೆಟ್, ಹೆಡ್‌ನ ಬಿರುಕು, ಬ್ಲಾಕ್‌ನ ಬಿರುಕು, ಕೂಲಂಟ್‌ನಿಂದ ಆಯಿಲನ್ನು ತಣ್ಣಗಾಗಿಸುವ ಆಯಿಲ್ ಕೂಲರ್, ಹೀಗೆ ನಾಲ್ಕು ದಾರಿಗಳಿವೆ. ಮಾರುತಿಯ 1,248 ಸಿ.ಸಿ. ಡಿಡಿಐಎಸ್ ಡೀಸೆಲ್ ಎಂಜಿನ್ ಮೂಲತಃ ಫಿಯೆಟ್‌ನ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ ಮಾತ್ರವಲ್ಲದೆ ಫಿಯೆಟ್ ಪುಂಟೊ, ಟಾಟಾ ವಿಸ್ಟಾ ಕಾರುಗಳಲ್ಲೂ ಇದೇ ಎಂಜಿನ್ ಇತ್ತು. ಇದರಲ್ಲಿ ಆಯಿಲ್ ಫಿಲ್ಟರ್ ಹೌಸಿಂಗ್‌ಗೆ ಸೇರಿಕೊಂಡಂತೆ ತೆಳು ತಗಡುಗಳ ಆಯಿಲ್ ಕೂಲರ್ ಇದ್ದು, ಒಂದು ತಗಡಿನ ಈ ಬದಿಯಲ್ಲಿ ಆಯಿಲ್, ಆ ಬದಿಯಲ್ಲಿ ಕೂಲಂಟ್ ಹರಿಯುತ್ತದೆ. ಎಂಜಿನ್ ಓಡುವಾಗ ಆಯಿಲ್‌ನ ಒತ್ತಡವೇ ಹೆಚ್ಚು, ಆದ್ದರಿಂದ ತಗಡು ತೂತಾದರೆ ಆಯಿಲ್ ಕೂಲಂಟ್‌ಗೆ ನುಗ್ಗುತ್ತದೆ. ಎಂಜಿನ್ ಆಫ್ ಆದ ಕೂಡಲೇ ಆಯಿಲ್‌ನ ಒತ್ತಡ ಸೊನ್ನೆಗಿಳಿಯುತ್ತದೆ, ಬಿಸಿ ಕೂಲಂಟ್‌ನ ಒತ್ತಡ ಮಾತ್ರ ಬಹಳ ಹೊತ್ತು ಉಳಿದು ಅದು ಆಯಿಲ್‌ನೊಳಗೆ ಇಳಿಯುತ್ತದೆ. ನನ್ನ ಕಾರಿನ ಕೂಲಂಟ್ ಟ್ಯಾಂಕಿನ ಒಳಗೋಡೆಗೆ ಕಂದು ಜಿಡ್ಡು ಅಂಟಿತ್ತು. ಮೆಕ್ಯಾನಿಕ್ ಅದನ್ನು ಬೆರಳಲ್ಲಿ ಒರೆಸಿ ತೋರಿಸಿದರು, ಆದರೆ ಇದು ಸುಳಿವು ಮಾತ್ರ, ಗ್ಯಾಸ್ಕೆಟ್ ಹೋದರೂ ಹೀಗಾಗಬಹುದು ಎಂದೂ ಸೇರಿಸಿದರು.

ಈ ಗ್ಯಾರೇಜನ್ನು ನಾನು ಮೆಚ್ಚಿದ್ದು ಈ ಕಾರಣಕ್ಕೆ. ಪ್ರತಿ ಪರೀಕ್ಷೆ ಏನನ್ನು ತೋರಿಸಿತು ಎಂಬುದರ ಜೊತೆಗೆ ಏನನ್ನು ತೋರಿಸಲಿಲ್ಲ ಎಂಬುದನ್ನೂ ಅವರು ಗ್ರಾಹಕನಿಗೆ ಹೇಳುತ್ತಾರೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕೆಲವೇ ನಿಮಿಷ ಎಂಜಿನ್ ಓಡಿಸಿ, ಕೂಲಂಟ್ ಬಾಯಿಗೆ ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಇಟ್ಟರು. ಸಿಲಿಂಡರಿನ ಹೊಗೆ ಕೂಲಂಟ್‌ಗೆ ಸೋರುತ್ತಿದ್ದರೆ ಅದರ ಕಾರ್ಬನ್ ಡೈ ಆಕ್ಸೈಡ್‌ನಿಂದ ದ್ರಾವಣದ ಬಣ್ಣ ಬದಲಾಗಬೇಕು. ಬಣ್ಣ ನೀಲಿಯಾಗಿಯೇ ಉಳಿಯಿತು. ಇಷ್ಟಕ್ಕೇ ಗ್ಯಾಸ್ಕೆಟ್ ಸರಿಯಿದೆ ಎಂದು ಅವರು ಹೇಳಲಿಲ್ಲ. ಸಿಲಿಂಡರಿಗೆ ಸಂಬಂಧವಿಲ್ಲದೆ ಆಯಿಲ್ ದಾರಿಗೂ ಕೂಲಂಟ್ ದಾರಿಗೂ ನಡುವೆ ಮಾತ್ರ ಗ್ಯಾಸ್ಕೆಟ್ ಒಡೆದಿದ್ದರೆ ಈ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ ಎಂದು ವಿವರಿಸಿದರು.

ಮುಂದೆ ಎಂಜಿನ್ ತಣ್ಣಗಾದ ಮೇಲೆ, ಕೈಪಂಪಿನ ಪ್ರೆಶರ್ ಟೆಸ್ಟರ್ ಜೋಡಿಸಿ, ಮುಚ್ಚಳದ ಮೇಲೆ ಅಚ್ಚಾಗಿದ್ದಷ್ಟೇ ಒತ್ತಡವನ್ನು ಕೂಲಂಟ್ ವ್ಯವಸ್ಥೆಗೆ ಕೊಟ್ಟು, ಚೇಂಬರಿನ ಬೋಲ್ಟ್ ಬಿಚ್ಚಿಟ್ಟು ಕಾದೆವು. ಅರ್ಧ ಗಂಟೆಯೊಳಗೆ ಮುಳ್ಳು ಇಳಿಯಿತು, ಬೋಲ್ಟಿನ ತೂತಿನಿಂದ ಹಸಿರು ಹನಿಗಳು ತೊಟ್ಟಿಕ್ಕತೊಡಗಿದವು. ಆಮೇಲೆ ಹೆಡ್ ಮುಟ್ಟದೆ, ಆಯಿಲ್ ಕೂಲರನ್ನು ಮಾತ್ರ ಕಳಚಿ, ಅದರ ಕೂಲಂಟ್ ದಾರಿಯ ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಗಾಳಿ ಕೊಟ್ಟು, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವಂತೆ ಬಕೆಟ್ ನೀರಿನಲ್ಲಿ ಮುಳುಗಿಸಿದರು. ಆಯಿಲ್ ಬದಿಯ ತೂತಿನಿಂದ ಗುಳ್ಳೆಗಳ ಸಾಲು ಎದ್ದಿತು. ನನಗೆ ಆ ಕ್ಷಣ ಆದ ಸಮಾಧಾನ ಅಷ್ಟಿಷ್ಟಲ್ಲ.

ಆದರೆ ಅವರ ಮಟ್ಟಿಗೆ ತಪಾಸಣೆ ಅಲ್ಲಿಗೆ ಮುಗಿದಿರಲಿಲ್ಲ. ಕೂಲರ್ ಸೋರುತ್ತಿದೆ ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ಸೋರುತ್ತಿಲ್ಲ ಎಂದಾಗುವುದಿಲ್ಲವಲ್ಲ. ಹೊಸ ಕೂಲರ್ ಕೂರಿಸಿದ ಮೇಲೆ ಅದೇ ಪ್ರೆಶರ್ ಪರೀಕ್ಷೆಯನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಾಗಿದ್ದಾಗ ಇನ್ನೊಮ್ಮೆ ಮಾಡಿದರು, ಏಕೆಂದರೆ ಕೆಲವು ಬಿರುಕುಗಳು ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ತಣ್ಣಗಿದ್ದಾಗ ಎರಡು ಗಂಟೆ ಕಳೆದರೂ ಮುಳ್ಳು ಕದಲಲಿಲ್ಲ, ಬಿಸಿಯಾಗಿದ್ದಾಗಲೂ ಸೋರಿಕೆ ಕಾಣಲಿಲ್ಲ. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ, ಬೇರಿಂಗಿನ ಲೋಹದ ಹೊಳಪು ಎಲ್ಲಿಯಾದರೂ ಇದೆಯೇ ಎಂದು ಬಿಸಿಲಿನಲ್ಲಿ ಹಿಡಿದು ತೋರಿಸಿದರು. ಇರಲಿಲ್ಲ. ಅಗ್ಗದ ಆಯಿಲ್ ಹಾಕಿ ಎರಡು ಸಲ ತೊಳೆದು, ಮೂರನೆಯ ಸಲ ಒಳ್ಳೆಯ ಆಯಿಲ್ ತುಂಬಿದರು. ಜಿಡ್ಡಿನಿಂದ ಊದಿಕೊಂಡಿದ್ದ ಎರಡು ರಬ್ಬರ್ ಹೋಸ್‌ಗಳನ್ನೂ ಬದಲಿಸಿದರು.

ತಪಾಸಣೆಗೆಂದೇ 2,500 ರೂಪಾಯಿ, ಎಲ್ಲ ಸೇರಿ 17,400 ರೂಪಾಯಿ ಆಯಿತು. ತಪಾಸಣೆಗೆ ಬೇರೆಯಾಗಿ ಹಣ ಕೇಳುವುದನ್ನು ಕೆಲವರು ಆಕ್ಷೇಪಿಸಬಹುದು, ಆದರೆ ಹುಡುಕುವ ಕೆಲಸಕ್ಕೆ ಕೂಲಿ ಸಿಗದ ಕಡೆ ಯಾರೂ ಹುಡುಕುವುದಿಲ್ಲ, ನೇರವಾಗಿ ಬಿಚ್ಚುತ್ತಾರೆ ಎಂಬುದು ನನ್ನ ಅನುಭವ.

ಕೊರತೆಗಳೂ ಇವೆ. ಕೆಲಸ ಮುಗಿಯಲು ಐದು ದಿನ ಹಿಡಿಯಿತು, ಅದರಲ್ಲಿ ಎರಡು ದಿನ ಕೂಲರ್ ಬರಲು ಕಾದದ್ದು. ಕೈಬರಹದ ಬಿಲ್ಲಿನಲ್ಲಿ ಬಿಡಿಭಾಗದ ನಂಬರ್ ಇಲ್ಲ, ಪರೀಕ್ಷೆಗಳ ಫಲಿತಾಂಶವನ್ನು ಬರೆದುಕೊಡಲಿಲ್ಲ. ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸದ ದಾಖಲೆ ಗ್ರಾಹಕನ ಕೈಯಲ್ಲಿ ಇಲ್ಲದಿರುವುದು ಸರಿಯಲ್ಲ. ಚೇಂಬರನ್ನು ಇಳಿಸಿ ತಳದ ಕೆಸರನ್ನು ಕೈಯಾರೆ ತೆಗೆದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕೇಳಿದ್ದಕ್ಕೆ, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಆಯಿಲ್ ಬದಲಿಸಿದರೆ ಸಾಕು ಎಂದರು, ಹಾಗೆಯೇ ಮಾಡಿಸಿದೆ.

ಆಗಿನಿಂದ ಕಾರು 4,000 ಕಿ.ಮೀ. ಓಡಿದೆ, ಕೂಲಂಟ್ ಮಟ್ಟ ನಾನು ಟ್ಯಾಂಕಿನ ಮೇಲೆ ಎಳೆದ ಗೆರೆಯಲ್ಲೇ ಇದೆ. ಇಂಥದೇ ತೊಂದರೆಯಿರುವ ಕಾರನ್ನು ಅಲ್ಲಿಗೆ ಒಯ್ಯುವವರು ಓಡಿಸಿಕೊಂಡು ಹೋಗದೆ ಟೋ ಮಾಡಿಸಿ, ಸಂಜೆಯೊಳಗೆ ಬಿಟ್ಟು ಬರಬೇಕು. ಬೆಳಿಗ್ಗೆ ಬೋಲ್ಟ್ ಸಡಿಲಿಸುವ ಹೊತ್ತಿಗೆ ಮೊದಲು ಏನು ಬರುತ್ತದೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಲು ಅವರೇ ಕರೆಯುತ್ತಾರೆ. ಭಾನುವಾರ ಗ್ಯಾರೇಜಿಗೆ ರಜೆ.