ಅಪ್ಪನ ಹಳೇ ಕೋಲ್ಟಿಗೆ ಮೊದ್ಲು ಕೋಣನ ಕೊಂಬಿನ ಗ್ರಿಪ್, ಈಗ ಹಲಸಿನದ್ದು: ಆರು ವರ್ಷದ ಬಳಕೆ

ಮೊದ್ಲು ಪಿಸ್ತೂಲು ಯಾವುದು ಹೇಳ್ತೇನೆ. ಕೋಲ್ಟ್ 1903 ಪಾಕೆಟ್ ಹ್ಯಾಮರ್‌ಲೆಸ್, ಪಾಯಿಂಟ್ 32 ಅಳತೆಯ ಗುಂಡಿನದ್ದು, ಎಂಟು ಗುಂಡಿನ ಮ್ಯಾಗಜಿನ್. ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ್ದು, 1903ರಿಂದ 1945ರ ವರೆಗೆ ಐದು ಲಕ್ಷಕ್ಕಿಂತ ಹೆಚ್ಚು ತಯಾರಾಗಿದೆ. ಹ್ಯಾಮರ್‌ಲೆಸ್ ಅಂತ ಹೆಸರು ಮಾತ್ರ, ಗುಂಡು ಹಾರಿಸ್ಲಿಕ್ಕೆ ಬಡಿಯುವ ಆ ಹ್ಯಾಮರ್ ಉಂಟು, ಸ್ಲೈಡಿನ, ಅಂದ್ರೆ ಮೇಲಿನ ಜಾರುವ ಭಾಗದ, ಒಳಗೆ ಅಡಗಿರ್ತದೆ. ಅಪ್ಪ ಮಿಲಿಟರಿಯಿಂದ ರಿಟೈರ್ ಆಗಿ ಬಂದ ಮೇಲೆ ಲೈಸೆನ್ಸ್ ಮಾಡಿಸಿ ತಕ್ಕೊಂಡದ್ದು, ಅವರು ಹೋದ ಮೇಲೆ ವಾರಸುದಾರ ಅಂತ ನನ್ನ ಹೆಸರಿಗೆ ಬಂತು. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಕೋವಿ ಅಂದ್ರೆ ಹೆಚ್ಚಿನವರದ್ದು ಹಂದಿ ಮಂಗನಿಂದ ತೋಟ ಕಾಯ್ಲಿಕ್ಕೆ ಇರುವ ಉದ್ದ ಕೋವಿ, ಪಿಸ್ತೂಲು ಇಟ್ಕೊಂಡವರು ಕಮ್ಮಿ, ಹಾಗಾಗಿ ಇಂಥದ್ದನ್ನು ಕೇಳ್ಲಿಕ್ಕೆ ಹತ್ತಿರದಲ್ಲಿ ಯಾರೂ ಇರ್ಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದ್ದೇನೆ.

ಗ್ರಿಪ್ ಅಂದ್ರೆ ಹಿಡಿಯ ಎರಡೂ ಬದಿಗೆ ಸ್ಕ್ರೂ ಹಾಕಿ ಕೂರಿಸುವ ತುಂಡು. ಒರಿಜಿನಲ್ ಗ್ರಿಪ್ ಕರಿ ಎಬೊನೈಟ್. ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು, ಹಳೇ ಫೌಂಟನ್ ಪೆನ್ನಿನಲ್ಲಿ ಬರ್ತಿತ್ತಲ್ಲ ಅದೇ. ಬಿಸಿಲು ಗಾಳಿಗೆ ಬಣ್ಣ ಹೋಗಿ ಕಾಫಿ ಕಂದು ಆಗಿತ್ತು, ಸ್ಕ್ರೂ ತೂತಿನಿಂದ ಕೆಳಗಿನವರೆಗೆ ಒಂದು ಬಿರುಕು. ಎಬೊನೈಟ್ ಹಳತಾದ ಹಾಗೆ ಒಣ ಬಿಸ್ಕೆಟಿನ ಹಾಗೆ ಆಗ್ತದೆ, ಸ್ಕ್ರೂ ಸ್ವಲ್ಪ ಜಾಸ್ತಿ ತಿರುಗಿಸಿದ್ರೂ ಮುಗೀತು. ಅದೇ ಕಾಲದ ಜೋಡಿ ಹುಡುಕಿದ್ರೆ ರೇಟು ನೋಡಿ ತಲೆ ತಿರುಗ್ತದೆ. ಪ್ಲಾಸ್ಟಿಕ್ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ, ಅಪ್ಪ ಅಷ್ಟು ಜತನದಿಂದ ಇಟ್ಟದ್ದು.

2019ರಲ್ಲಿ ಆನ್‌ಲೈನಿನಲ್ಲಿ ಕೋಣನ ಕೊಂಬಿನ ಜೋಡಿ ಸಿಕ್ಕಿತು, ಕೊರಿಯರ್ ಸೇರಿ 1,450 ರೂಪಾಯಿ. ಉತ್ತರಪ್ರದೇಶದ ಸಂಭಲ್ ಕಡೆಯ ಕೆಲಸ ಅಂತ ಬರೆದಿದ್ರು, ಆ ಊರು ಕೊಂಬು, ಮೂಳೆಯ ಕೆಲಸಕ್ಕೆ ಹೆಸರಾದದ್ದೇ. ಬಂದಾಗ ನೋಡ್ಲಿಕ್ಕೆ ಏನು ಚಂದ ಮಾರಾಯ್ರೆ, ಕಪ್ಪಿನ ಒಳಗೆ ಜೇನು ಬಣ್ಣದ ಎಳೆ, ಬೆಳಕಿಗೆ ಹಿಡಿದ್ರೆ ಅಂಚು ಸ್ವಲ್ಪ ಪಾರದರ್ಶಕ. ಅಸಲಿಯಾ ಅಂತ ಸೂಜಿ ಕಾಯಿಸಿ ಒಳಬದಿಗೆ ಮುಟ್ಟಿಸಿ ನೋಡಿದೆ, ಕೂದಲು ಸುಟ್ಟ ವಾಸನೆ ಬಂತು. ಕೊಂಬು ಅಂದ್ರೆ ಉಗುರು ಕೂದಲಿನ ವಸ್ತುವೇ, ಪ್ಲಾಸ್ಟಿಕ್ ಆದ್ರೆ ವಾಸನೆ ಬೇರೆ.

ಆದ್ರೆ ಕೂರಿಸುವಾಗ ಗೊತ್ತಾಯ್ತು ಹಿಂದಿನ ಅಂಚು ಅಗಲ ಜಾಸ್ತಿ ಅಂತ. ಈ ಪಿಸ್ತೂಲಿಗೆ ಎಡಗಡೆ ಹೆಬ್ಬೆರಳಿನ ಸೇಫ್ಟಿ ಅಲ್ಲದೆ ಹಿಡಿಯ ಹಿಂದೆ ಗ್ರಿಪ್ ಸೇಫ್ಟಿ ಅಂತ ಇನ್ನೊಂದು ಉಂಟು, ಅಂಗೈಯಲ್ಲಿ ಒತ್ತಿ ಹಿಡಿದ್ರೆ ಮಾತ್ರ ಗುಂಡು ಹಾರುವುದು, ಕೈ ಬಿಟ್ಟ ಕೂಡ್ಲೆ ಅದು ತನ್ನಷ್ಟಕ್ಕೆ ಹೊರಗೆ ಬರ್ಬೇಕು. ಹೊಸ ಗ್ರಿಪ್ ಹಾಕಿದ ಮೇಲೆ ಅದು ಒತ್ತಿದಲ್ಲೇ ನಿಲ್ತಿತ್ತು, ಕೊಂಬಿನ ಅಂಚು ಅದಕ್ಕೆ ತಾಗ್ತಿತ್ತು. ಇದು ಚಂದದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಮಾರಿದವರಿಗೆ ಫೋಟೋ ಹಾಕಿ ಕೇಳಿದ್ರೆ "ಸ್ವಲ್ಪ ಉಜ್ಜಿಕೊಳ್ಳಿ ಸರ್" ಅಂತ ಒಂದು ಮೆಸೇಜು, ಆಮೇಲೆ ಉತ್ತರವೇ ಇಲ್ಲ. ನೀವು ಯಾವ ಗ್ರಿಪ್ ತಕ್ಕೊಂಡ್ರೂ ಮೊದ್ಲು ಇದನ್ನೇ ನೋಡಿ, ಮ್ಯಾಗಜಿನ್ ತೆಗೆದು ಚೇಂಬರ್, ಅಂದ್ರೆ ನಳಿಗೆಯಲ್ಲಿ ಗುಂಡು ಕೂರುವ ಜಾಗ, ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಎರಡೆರಡು ಸಲ ಖಾತ್ರಿ ಮಾಡಿ, ಆಮೇಲೆ ಎರಡೂ ಸೇಫ್ಟಿ ಹತ್ತಿಪ್ಪತ್ತು ಸಲ ಆಡಿಸಿ ನೋಡಿ.

ಸರಿ ಮಾಡಿದ್ದು ಹೇಗೆ ಅಂದ್ರೆ, ದೀಪದ ಮಸಿಯನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ ಗ್ರಿಪ್ ಸೇಫ್ಟಿಯ ಬದಿಗೆ ಸವರಿ, ಗ್ರಿಪ್ ಕೂರಿಸಿ ನಾಲ್ಕು ಸಲ ಒತ್ತಿ ತೆಗೆದೆ. ಎಲ್ಲಿ ತಾಗ್ತದೋ ಅಲ್ಲಿ ಮಸಿ ಅಂಟಿರ್ತದೆ, ಅಷ್ಟೇ ಜಾಗ ಅರದಿಂದ ಒಂದೆರಡು ಎಳೆತ, ಪುನಃ ಮಸಿ, ಪುನಃ ಕೂರಿಸುವುದು. ಮೂರು ಸಂಜೆ ಹಿಡೀತು. ಆ ವಾಸನೆಗೆ ಮನೆಯವಳು ಜಗಲಿಯಿಂದ ಅಂಗಳಕ್ಕೆ ಓಡಿಸಿದ್ಳು, ಕೊಂಬಿನ ಧೂಳು ಒಳಗೆ ಎಳೆದುಕೊಳ್ಳುವುದು ಒಳ್ಳೆದಲ್ಲ ಕೂಡ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ.

ಮೊದಲ ಬೇಸಿಗೆ ಸೂಪರ್. ಕೈಗೆ ತಣ್ಣಗೆ, ಬೆವರಿಗೆ ಜಾರುವುದಿಲ್ಲ. ಮಳೆಗಾಲ ಬಂತು ನೋಡಿ, ಕೊಂಬು ತೇವ ಎಳೀತದೆ, ಬಲಗಡೆಯದ್ದು ದೋಣಿಯ ಹಾಗೆ ಬಗ್ಗಿ ಕೆಳಗಿನ ತುದಿಯಲ್ಲಿ ಉಗುರು ದಪ್ಪದ ಸಂದು ಬಿಟ್ಟಿತು. ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಎರಡು ಹಲಗೆಯ ಮಧ್ಯ ಕ್ಲಾಂಪ್ ಹಾಕಿ ಇಟ್ಟೆ, ನೆಟ್ಟಗಾಯ್ತು, ಮರುವರ್ಷ ಜೂನ್‌ನಲ್ಲಿ ಪುನಃ ಅದೇ ಅವಸ್ಥೆ.

2021ರಲ್ಲಿ ವಿಧಾನಸಭೆ ಇಲೆಕ್ಷನ್ ಮುಗಿಯುವವರೆಗೆ ಕೋವಿ ಲೈಸೆನ್ಸ್ ಇದ್ದ ಎಲ್ಲರ ಹಾಗೆ ನಾನೂ ಪಿಸ್ತೂಲನ್ನು ಒಪ್ಪಿಸಿ ಡಿಪಾಸಿಟ್ ಇಟ್ಟೆ, ರಿಸಲ್ಟ್ ಬಂದ ಹಿಂದೆಯೇ ಲಾಕ್‌ಡೌನ್, ಕೈಗೆ ಬರುವಾಗ ಮಳೆ ಜೋರಾಗಿತ್ತು. ಹೊರಗಿಂದ ಹೊಳೀತಿತ್ತು. ಗ್ರಿಪ್ ಬಿಚ್ಚಿದ್ರೆ ಕೆಳಗಿನ ಫ್ರೇಮಿನಲ್ಲಿ, ಅಂದ್ರೆ ಪಿಸ್ತೂಲಿನ ಲೋಹದ ಮೈಯಲ್ಲಿ, ತುಕ್ಕು, ಸರಿಯಾಗಿ ಆ ಸಂದಿನ ಆಕಾರದಲ್ಲೇ, ಅರ್ಧ ಚಂದ್ರದ ಹಾಗೆ. ಇಡುವ ಮೊದ್ಲು ಗ್ರಿಪ್‌ನ ಅಡಿಗೆ ಎಣ್ಣೆ ಸವರದೆ ಇದ್ದದ್ದು ನನ್ನದೇ ತಪ್ಪು. ತುಕ್ಕು ತೆಗೆದೆ, ಆದ್ರೆ ಕಲೆ ಈಗಲೂ ಉಂಟು, ಅಪ್ಪನ ಕಾಲದಲ್ಲಿ ಇಲ್ಲದ ಕಲೆ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರೀತದೆ.

ಆಗ ಹಲಸಿನ ಯೋಚನೆ ಬಂತು. ನಮ್ಮಲ್ಲಿ ಚೆಂಡೆಗೆ ಹಲಸೇ ಅಲ್ವಾ, ಅಷ್ಟು ಪೆಟ್ಟು ತಿಂದು, ಬಿಸಿಲು ಮಳೆಗೆ ತಿರುಗಾಡಿ ನಿಲ್ತದೆ ಅಂದ ಮೇಲೆ ಇಷ್ಟು ಸಣ್ಣ ತುಂಡು ನಿಲ್ಲದೆ ಇರ್ತದಾ. ಹಳೇ ಮನೆ ಕೆಡಹಿದಾಗ ತೆಗೆದಿಟ್ಟ ಬಾಗಿಲ ದಾರಂದದ ಹಲಸಿನ ತುಂಡು ಅಟ್ಟದಲ್ಲಿತ್ತು. ಮರದ ಕೆಲಸದ ಆಚಾರ್ರಿಗೆ ತೋರಿಸಿದೆ, ತಿರುಗಿಸಿ ನೋಡಿ "ಬಿಳಿ ಭಾಗ ಬೇಡ ಭಟ್ರೇ, ಅದು ಕುಂಬಾಗ್ತದೆ, ಒಳಗಿನ ಹಳದಿ ಮಾತ್ರ ಸಾಕು" ಅಂದ್ರು. ಅವರಿಗೆ ಕೊಟ್ಟದ್ದು ಅಳತೆ ಮಾತ್ರ. ಪಿಸ್ತೂಲು ಲೈಸೆನ್ಸ್ ಇಲ್ಲದವರ ಕೈಗೆ ಕೊಡ್ಲಿಕ್ಕಿಲ್ಲ, ಎಷ್ಟೇ ಗುರ್ತದವರಾದ್ರೂ. ಹಳೇ ಎಬೊನೈಟ್ ನೋಡಿ ಅಳತೆ ತೆಗೆದ್ರೆ ತಪ್ಪುತ್ತದೆ, ನನ್ನದು ವರ್ಷಗಳಲ್ಲಿ ಕುಗ್ಗಿ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಸಣ್ಣದಾಗಿತ್ತು, ಹಾಗಾಗಿ ಫ್ರೇಮಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಂಚು ಮೂಡಿಸಿ ಆ ಕಾಗದ ಕೊಟ್ಟೆ. ಅವರು ನೂಲು ದಪ್ಪ ಬಿಟ್ಟು ಕೊಯ್ದು ಕೊಟ್ರು, ಕೂರಿಸುವ ಕೆಲಸ ಮನೆಯಲ್ಲಿ ನಾನೇ ಮಾಡಿದ್ದು, ಅದೇ ಮಸಿಯ ಉಪಾಯದಲ್ಲಿ. ಕೂಲಿ 600, ಸ್ಯಾಂಡ್‌ಪೇಪರು, ಎಣ್ಣೆ ಎಲ್ಲ ಸೇರಿ 800 ದಾಟಲಿಲ್ಲ.

ಎಣ್ಣೆ ವಿಷಯ ಒಂದು ಮಾತು. ನಮ್ಮ ಊರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ, ನಾನೂ ಮೊದ್ಲು ಅದನ್ನೇ ಹಚ್ಚಿದ್ದು. ಅದು ಒಣಗುವ ಎಣ್ಣೆ ಅಲ್ಲ, ಜಿಡ್ಡು ಹಾಗೇ ಉಳಿದು ಧೂಳು ಹಿಡೀತದೆ. ಅಗಸೆ ಎಣ್ಣೆ, ಪೈಂಟ್ ಅಂಗಡಿಯಲ್ಲಿ ಲಿನ್ಸೀಡ್ ಅಂತ ಕೇಳಿದ್ರೆ ಕೊಡ್ತಾರೆ, ಅದು ಗಾಳಿಗೆ ಗಟ್ಟಿಯಾಗಿ ಮರದೊಳಗೇ ಕೂರ್ತದೆ. ತೆಳ್ಳಗೆ ಐದಾರು ಸಲ, ನಡುವೆ ಎರಡು ದಿನ ಬಿಟ್ಟು, ಒಳಬದಿಗೂ ಮರೀಬೇಡಿ, ಒಂದೇ ಬದಿಗೆ ಹಚ್ಚಿದ್ರೆ ಇನ್ನೊಂದು ಬದಿಯಿಂದ ತೇವ ಎಳೆದು ಬಗ್ಗುತ್ತದೆ. ಮತ್ತೆ ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡ್ಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡೀತದೆ, ಬಿಡಿಸಿ ಹೊರಗೆ ಒಣಗಲಿಕ್ಕೆ ಹಾಕಿ.

ಈಗ ನಾಲ್ಕು ಮಳೆಗಾಲ ಕಳೀತು, ಬಗ್ಗಲಿಲ್ಲ, ಬಿರುಕಿಲ್ಲ. ಅರಸಿನ ಹಳದಿ ಇದ್ದದ್ದು ಕೈ ತಾಗಿ ತಾಗಿ ಬೆಲ್ಲದ ಬಣ್ಣಕ್ಕೆ ಬಂದಿದೆ. 2024ರ ಲೋಕಸಭೆ ಇಲೆಕ್ಷನ್ ಸಮಯ ಮೂರು ತಿಂಗಳ ಹತ್ತಿರ ಡಿಪಾಸಿಟಿನಲ್ಲಿತ್ತು, ಈ ಸಲ ಅಡಿಗೆ ಗನ್ ಆಯಿಲ್ ಸವರಿ ಇಟ್ಟಿದ್ದೆ, ಬಿಚ್ಚಿ ನೋಡಿದ್ರೆ ಕ್ಲೀನ್. ಆದ್ರೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಒರೆಸ್ತೇನೆ. ಸ್ಕ್ರೂ ಬೆರಳಿಗೆ ತಡೆ ಸಿಕ್ಕಿದ ಮೇಲೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ.

ಕೊರತೆಯೂ ಉಂಟು. ಹಲಸು ಕೊಂಬಿನಷ್ಟು ಗಟ್ಟಿ ಅಲ್ಲ, ಒಮ್ಮೆ ಮೇಜಿನ ಅಂಚಿಗೆ ತಾಗಿ ಒಂದು ಗುಳಿ ಬಿದ್ದಿದೆ. ಮೇಲೆ ನುಣುಪು, ಶೂಟಿಂಗ್ ರೇಂಜಿನಲ್ಲಿ ಬೆವರಿದ ಕೈಗೆ ಸ್ವಲ್ಪ ಜಾರ್ತದೆ, ಆ ವಿಷಯದಲ್ಲಿ ಗೆರೆ ಕೊರೆದ ಹಳೇ ಎಬೊನೈಟೇ ಮೇಲು. ಒಣ ಹವೆಯ ಊರಿನವರಿಗೆ ನಾನು ಕೊಂಬನ್ನು ಧೈರ್ಯವಾಗಿ ಹೇಳ್ತೇನೆ, ಕರಾವಳಿಯವರಿಗೆ ಇಲ್ಲ. ನನ್ನ ಕೊಂಬಿನ ಜೋಡಿ ಡಬ್ಬಿಯಲ್ಲಿ ಇಟ್ಟದ್ದಕ್ಕೆ ಹುಳ ಬಿದ್ದು ಎರಡು ತೂತು ಮಾಡಿದೆ, ಕೊಂಬು ತಿನ್ನುವ ಹುಳವೇ ಉಂಟು. ಇನ್ನು ದಂತ, ಕಡವೆ ಕೊಂಬು ಅಂತ ಯಾರಾದ್ರೂ ಗುಟ್ಟಾಗಿ ತೋರಿಸಿದ್ರೆ ಆ ಕಡೆ ತಲೆ ಹಾಕ್ಲೇಬೇಡಿ, 1972ರ ವನ್ಯಜೀವಿ ಕಾನೂನು ಉಂಟು, ಕೇಸ್ ಬಿದ್ರೆ ಕೋವಿ ಲೈಸೆನ್ಸಿಗೂ ಸಂಚಕಾರ.

ಬಿರುಕು ಬಿಟ್ಟ ಎಬೊನೈಟ್ ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ ಬಿಸಿಲು ತಾಗದ ಹಾಗೆ ಇಟ್ಟಿದ್ದೇನೆ, ಅಪ್ಪನ ಕೈ ತಾಗಿದ್ದು ಅದಕ್ಕೆ ಅಲ್ವಾ. ಹಲಸಿನ ಮೇಲೆ ಚೆಕರಿಂಗ್, ಅಂದ್ರೆ ಕೈ ಜಾರದ ಹಾಗೆ ಅಡ್ಡಡ್ಡ ಗೆರೆ, ಕೊರೆಸಿದವರು ಯಾರಾದ್ರೂ ಇದ್ರೆ ಹೇಳಿ, ಎಷ್ಟು ಸಣ್ಣ ಗೆರೆ ಮುರಿಯದೆ ನಿಲ್ತದೆ ಅಂತ. ಈ ತುಲಾ ತಿಂಗಳ ಮಳೆ ಮುಗಿದ ಮೇಲೆ ಆಚಾರ್ರ ಹತ್ತಿರ ಇನ್ನೊಂದು ಜೋಡಿ ಕೊಯ್ಯಿಸುವ ಅಂತ ಉಂಟು.